ತಳ ಕಾಣುವ ಪಾತ್ರೆ

ಓವನ್ನಿನಿಂದ ಆಗಷ್ಟೇ ತೆಗೆದ ಗಾಜಿನ ಪಾತ್ರೆಯನ್ನು ಯಾರಾದರೂ ಒದ್ದೆ ಕಟ್ಟೆಯ ಮೇಲೆ ಇಡಲು ಹೋದರೆ ನಾನು ಈಗಲೂ ಕಿರುಚುತ್ತೇನೆ. ಮನೆಯ ಹುಡುಗಿಯರಿಗೆ ಅದೊಂದು ತಮಾಷೆ. ಮುದುಕಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಾರೆ. ಹೊಡೆಯಲಿ. ನನ್ನ ಸಿಟ್ಟು ಅವರ ಮೇಲಲ್ಲ, ಒಂಬತ್ತು ವರ್ಷದ ಒಬ್ಬಳ ಮೇಲೆ. ಅವಳು ಬೇರೆ ಯಾರೂ ಅಲ್ಲ, ನಾನೇ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಎರಡು ಮೂರು ಮಳೆಗಾಲ ಇತ್ತು. ಮಣ್ಣಗುಡ್ಡದಲ್ಲಿ ನಮ್ಮದು ಹಂಚಿನ ಮನೆ. ಅಳಿಯಕಟ್ಟಿನ ಕುಟುಂಬವಾದ್ದರಿಂದ ಅದು ಅಜ್ಜಿಯ ಮನೆ, ಅಜ್ಜಿಯ ನಂತರ ಅಮ್ಮನ ಮನೆ. ಅಡುಗೆಮನೆಯಂತೂ ಸಂಪೂರ್ಣ ಅಜ್ಜಿಯದೇ. ಅಲ್ಲಿ ಒಂದೇ ಒಂದು ಕಿಟಕಿ. ಬೆಳಗಿನ ಹೊತ್ತು ಅದರಿಂದ ಬಿಸಿಲು ಒಲೆಯ ಹೊಗೆಯೊಳಗೆ ಓರೆಯಾಗಿ ಇಳಿಯುತ್ತಿತ್ತು. ನಾನು ಅದರಡಿ ಕೂತು ಹೊಗೆ ಸುತ್ತುವುದನ್ನು ನೋಡುತ್ತ ಶಾಲೆಯನ್ನೂ ಮರೆಯುತ್ತಿದ್ದೆ. "ಈ ಹುಡುಗಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡ್ತದೆ" ಎಂದು ಅಮ್ಮ ಬೈಯುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಜ್ಜಿ ಹೆಸರು ಮಾಡಿದ್ದು ಕೆಂಡದಡ್ಯೆಯಿಂದ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಸೌತೆಕಾಯಿಯ ತುರಿ ಸೇರಿಸಿ ರುಬ್ಬಿದ ಹಿಟ್ಟನ್ನು ಪಾತ್ರೆಗೆ ಹೊಯ್ದು, ಕೆಳಗೊಂದಿಷ್ಟು ಮುಚ್ಚಳದ ಮೇಲೊಂದಿಷ್ಟು ತೆಂಗಿನ ಗೆರಟೆಯ ಕೆಂಡ ಹಾಕಿ ನಿಧಾನವಾಗಿ ಬೇಯಿಸುವ ಸಿಹಿ ಅದು. ಅದು ಬೆಂದಿತೋ ಇಲ್ಲವೋ ಎಂದು ತಿಳಿಯಲು ಅಜ್ಜಿ ಯಾವತ್ತೂ ಮುಚ್ಚಳ ತೆಗೆದು ನೋಡಿದವರಲ್ಲ. ಜಗಲಿಯಲ್ಲಿ ವೀಳ್ಯ ಮಡಚುತ್ತ ಕೂತವರು ನಡುವೆ ಒಮ್ಮೆ ತಲೆಯೆತ್ತಿ ಗಾಳಿ ಮೂಸಿ, "ಸಾಕು, ಕೆಂಡ ತೆಗೀರಿ" ಎನ್ನುತ್ತಿದ್ದರು. ಆ ಮಾತು ತಪ್ಪಿದ್ದೇ ಇಲ್ಲ.

ಒಂದು ಮಳೆಗಾಲ ಅಜ್ಜಿಗೆ ಜ್ವರ ಬಂದು ಇಪ್ಪತ್ತು ದಿನ ಮಲಗಿದರು. ಎದ್ದ ಮೇಲೆ ಮಾಡಿದ ಮೊದಲ ಅಡ್ಯೆ ತಳ ಹಿಡಿದು ಕಪ್ಪಾಯಿತು. ಎರಡನೆಯದೂ ಹಾಗೇ. ಆಮೇಲೊಂದು ದಿನ ನಾನು ಮಲ್ಲಿಗೆಯ ಚೆಂಡು ತಂದು ಕೊಟ್ಟಾಗ ಅಜ್ಜಿ ಅದನ್ನು ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಕೊನೆಗೆ ಕೇಳಿದರು, "ಮಗಾ, ಇದು ಇವತ್ತಿನದಾ, ನಿನ್ನೆಯದಾ?"

ಇಡೀ ಜಗಲಿ ಘಮಘಮಿಸುತ್ತಿತ್ತು. ನಾನು ಅಜ್ಜಿಯ ಮುಖವನ್ನೇ ನೋಡಿದೆ. ಅವರು ಹೂವನ್ನು ಮಡಿಲಲ್ಲಿಟ್ಟುಕೊಂಡು, "ಯಾರಿಗೂ ಹೇಳ್ಬೇಡ. ನಿನ್ನ ಅಮ್ಮನಿಗಂತೂ ಬೇಡ. ವಾಸನೆ ಗೊತ್ತಾಗದ ಮುದುಕಿಗೆ ಒಲೆ ಯಾರು ಬಿಟ್ಟುಕೊಡ್ತಾರೆ?" ಎಂದರು. ನಾನು ಹೇಳುವುದಿಲ್ಲವೆಂದು ತಲೆ ಮುಟ್ಟಿ ಆಣೆ ಮಾಡಿದೆ.

ಮೂರನೆಯ ಸಲವೂ ಕರಟಿದಾಗ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಅಮ್ಮನ ಮಾತು ಕತ್ತಿಯ ಹಾಗೆ, ನೇರ. "ನಿಮಗೆ ಗಮನ ಇಲ್ಲ ಅಮ್ಮ. ಇನ್ನೊಂದು ಸಲ ಹೀಗಾದ್ರೆ ನೀವು ಜಗಲಿಯಲ್ಲಿ ಕೂತ್ಕೊಳ್ಳಿ, ಒಲೆ ನಾನು ನೋಡ್ಕೊಳ್ತೇನೆ." ಅಜ್ಜಿ ಸೌಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ಅದೇ ದಿನಗಳಲ್ಲಿ ಕದ್ರಿ ಗುಡ್ಡದ ಬಂಗಲೆಯೊಂದರ ದೊರೆಸಾನಿ ಊರು ಬಿಟ್ಟು ತನ್ನ ದೇಶಕ್ಕೆ ಹೊರಟಳು. ಅವಳ ಬಟ್ಲರ್ ನಮ್ಮ ನೆರೆಯವನು, ಕೊಂಕಣಿ ಮಾತಾಡುವ ಕ್ರೈಸ್ತ. ನಮ್ಮ ಹಿತ್ತಿಲಿನ ಹಲಸಿನ ಹಣ್ಣಿನ ಮೇಲೆ ಅವನಿಗೆ ಬಹಳ ಪ್ರೀತಿ. ಅವನೊಂದು ಸಂಜೆ ದೊರೆಸಾನಿ ಬಿಟ್ಟುಹೋದ ಮೂರು ಗಾಜಿನ ಪಾತ್ರೆಗಳನ್ನು ಗೋಣಿಯಲ್ಲಿ ಸುತ್ತಿ ತಂದು ಜಗಲಿಯಲ್ಲಿಟ್ಟು, "ಒಂದು ನಿಮಗೆ ಬಾಯಮ್ಮ, ಬೇಕಾದ್ದು ತಕ್ಕೊಳ್ಳಿ. ಕೇಕು ಬೇಯಿಸುವುದೂ ಉಂಟು" ಎಂದ.

ಗಾಜನ್ನು ಬೆಂಕಿಗಿಡುವುದೆಂದರೆ ಅಮ್ಮನಿಗೆ ನಗು ಬಂತು. ಅಜ್ಜಿಗೆ ಬರಲಿಲ್ಲ. ಅವರು ಒಂದು ಪಾತ್ರೆಯನ್ನೆತ್ತಿ ಸಂಜೆಯ ಬೆಳಕಿಗೆ ಹಿಡಿದು, ಅದರ ತಳದ ಮೂಲಕ ತಮ್ಮದೇ ಬೆರಳುಗಳನ್ನು ನೋಡಿದರು. ನಾನೂ ನೋಡಿದೆ. ಅಜ್ಜಿ ಯಾಕೆ ಉಸಿರು ಬಿಗಿಹಿಡಿದಿದ್ದಾರೆಂದು ಅಲ್ಲಿ ನೋಡುತ್ತಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆರಿಸುವ ಕೆಲಸ ಶುರುವಾಯಿತು. ಅಜ್ಜಿ ಮಡಕೆ ಆರಿಸುವವರ ಹಾಗೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಟ್ಟರು. ಬಟ್ಲರ್ ನಕ್ಕ. "ಇದು ಮಣ್ಣಲ್ಲ ಬಾಯಮ್ಮ. ಕಣ್ಣಿಗೂ ಕೈಗೂ ಕೆಲಸ ಕೊಡಿ." ನನಗೆ ಹೂ ಕೆತ್ತಿದ ನೀಲಿ ಛಾಯೆಯದು ಬೇಕಿತ್ತು. ಅದರೊಳಗೆ ಕಣ್ಣಿಟ್ಟರೆ ಅಂಗಳದ ತೆಂಗಿನ ಮರಗಳೆಲ್ಲ ನೀರಿನಡಿ ನಿಂತಂತೆ ಕಾಣುತ್ತಿದ್ದವು. ಅದು ಮೇಜಿನ ಮೇಲೆ ಹಣ್ಣಿಡುವುದಕ್ಕಷ್ಟೇ, ಬಿಸಿ ತಾಗಿದರೆ ಸಿಡಿಯುತ್ತದೆ ಎಂದು ಅವನು ಬದಿಗಿಟ್ಟ. ಎರಡನೆಯದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು. ಅಷ್ಟು ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆಯಂತೆ. ಉಳಿದದ್ದು ಅಲಂಕಾರವಿಲ್ಲದ, ದಪ್ಪನೆಯ ದುಂಡು ಪಾತ್ರೆ. ಅಂಚಿನ ಸುತ್ತ ಬೆರಳಾಡಿಸಿದರೆ ಎಲ್ಲೂ ತಡೆಯಲಿಲ್ಲ, ಬೆಳಕಿಗೆ ಹಿಡಿದರೆ ಗೀರೂ ಇರಲಿಲ್ಲ. ಅಜ್ಜಿ ಅದನ್ನೇ ತಬ್ಬಿಕೊಂಡರು.

ಬಳಸುವ ರೀತಿಯನ್ನು ಬಟ್ಲರ್ ನನಗೆ ಕನ್ನಡದಲ್ಲಿ ಹೇಳಿದ. ಅಜ್ಜಿಗೆ ತುಳು ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೇ, ಅವನ ತುಳುವೂ ಅಷ್ಟಕ್ಕಷ್ಟೇ, ಆದ್ದರಿಂದ ನಾನೇ ದುಭಾಷಿ. ಉರಿಯ ಮೇಲೆ, ಕೆಂಡದ ಮೇಲೆ ನೇರವಾಗಿ ಇಡಲೇಬಾರದು. ದೊಡ್ಡ ತಾಮ್ರದ ಪಾತ್ರೆಯಲ್ಲಿ ಹೊಳೆಯ ಮರಳನ್ನು ತೊಳೆದು ಒಣಗಿಸಿ ಹರಡಿ, ಮರಳು ತಣ್ಣಗಿರುವಾಗಲೇ ಗಾಜನ್ನು ಕೂರಿಸಿ, ಎರಡೂ ಜೊತೆಜೊತೆಯಾಗಿ ಬಿಸಿಯಾಗಬೇಕು. ಎತ್ತುವ ಬಟ್ಟೆ ಒಣಗಿರಬೇಕು. ಇಡುವುದು ಒಣ ಮರದ ಹಲಗೆಯ ಮೇಲೆ ಮಾತ್ರ. ತಾನಾಗಿ ಆರುವವರೆಗೆ ಹನಿ ನೀರೂ ತಾಗಬಾರದು, ತೊಳೆಯುವಾಗ ಬೂದಿ ಹಾಕಿ ಉಜ್ಜಬಾರದು. "ಇದಕ್ಕೆ ಬೆಂಕಿಯ ಹೆದರಿಕೆ ಇಲ್ಲ ಮಾರಾಯ್ತಿ, ಗಡಿಬಿಡಿಯ ಹೆದರಿಕೆ ಉಂಟು" ಎಂದ ಅವನು. ಒಂದನ್ನೂ ಬಿಡದೆ ನಾನು ತುಳುವಿನಲ್ಲಿ ಒಪ್ಪಿಸಿದೆ.

ಆ ನಂತರದ ತಿಂಗಳುಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಬೆಳಗಿನಂತಿವೆ. ಎಲೆ ಹಾಸಿದರೆ ತಳ ಕಾಣದೆಂದು ಅಜ್ಜಿ ಬಾಳೆಲೆ ಬಿಟ್ಟು ತುಪ್ಪ ಸವರಿ ಹಿಟ್ಟು ಹೊಯ್ಯುತ್ತಿದ್ದರು. ಸಾಕಷ್ಟು ಹೊತ್ತಾದ ಮೇಲೆ ಕೆಂಡದ ಮುಚ್ಚಳ ಸರಿಸಿ, ಒಣಬಟ್ಟೆ ಹಿಡಿದು, ಪಾತ್ರೆಯನ್ನು ಮರಳಿನಿಂದ ಮೆಲ್ಲನೆ ಎತ್ತುತ್ತಿದ್ದರು. ಅಂಟಿದ ಮರಳು ಸರಸರನೆ ಉದುರುತ್ತಿತ್ತು. ಕಿಟಕಿಯ ಬಿಸಿಲಿಗೆ ಹಿಡಿದಾಗ ಗಾಜಿನಡಿಯಲ್ಲಿ ಹಿಟ್ಟಿನ ಸಣ್ಣ ಸಣ್ಣ ಗುಳ್ಳೆಗಳು, ಅಂಚಿನ ಬೆಲ್ಲ ಕರಗಿ ಜೇನಿನ ಬಣ್ಣಕ್ಕೆ ತಿರುಗುತ್ತಿದ್ದದ್ದು, ನಡುವೆ ಇನ್ನೂ ಬೆಳ್ಳಗೆ ಉಳಿದಿದ್ದ ಒಂದು ದುಂಡು ಜಾಗ, ಎಲ್ಲವೂ ಕಾಣುತ್ತಿತ್ತು. ಆ ಬೆಳ್ಳಗಿನ ಜಾಗ ದಿನದಿನಕ್ಕೂ ಕರಗುವ ಚಂದ್ರನಂತೆ ನಮ್ಮ ಕಣ್ಣೆದುರೇ ಕಿರಿದಾಗುತ್ತಿತ್ತು. ನಾನು ಗಾಜಿನಡಿ ಮುಖವಿಟ್ಟು, ಆ ಜೇನುಬಣ್ಣದ ನೆಲದಲ್ಲಿ ಮನೆ ಕಟ್ಟಿ ಎಷ್ಟೋ ಹೊತ್ತು ಬಾಳಿದ್ದೇನೆ. ಅಜ್ಜಿ ನನ್ನನ್ನು ಬೈಯಲಿಲ್ಲ. ಅವರೂ ಅಲ್ಲೇ ಎಲ್ಲೋ ಇದ್ದರು. ಅಡ್ಯೆ ಒಮ್ಮೆಯೂ ಕರಟಲಿಲ್ಲ, ಅಮ್ಮನ ಬಾಯಿಯೂ ಮುಚ್ಚಿತು. ಅಷ್ಟು ಸುಖವಾದ ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ಹಾಳು ಮಾಡಿದವಳು ನಾನೇ. ಅಂದು ಮನೆಗೆ ನೆಂಟರು ಬರುವವರಿದ್ದರು. ಅಮ್ಮ ಬೆಳಿಗ್ಗೆಯೇ ಅಡುಗೆಮನೆಯ ನೆಲಕ್ಕೆ ಸಗಣಿ ಸಾರಿಸಿದ್ದರು. ನಮ್ಮಲ್ಲೊಂದು ರೂಢಿ. ಒಲೆಯಿಂದ ಇಳಿಸಿದ ಪಾತ್ರೆ ಮೊದಲು ಸಾರಿಸಿದ ನೆಲವನ್ನೇ ಮುಟ್ಟಬೇಕು. ಇಡುವ ಜಾಗಕ್ಕೆ ಎರಡು ಹನಿ ನೀರು ಚಿಮುಕಿಸಿ, ಅಂಗೈಯಿಂದ ಒರೆಸಿ, ಮೇಲೆ ಇಡುವುದು. ನಡೆಯಲು ಕಲಿತಂದಿನಿಂದ ಅಮ್ಮ ನನ್ನ ಕೈಗೆ ಕಲಿಸಿದ ಕೆಲಸ ಅದು. ಅಜ್ಜಿ ತಳ ನೋಡಿ ಸಂತೋಷಪಟ್ಟು, ನಾನು ಬಹಳ ಬೇಡಿಕೊಂಡೆನೆಂದು ಬಟ್ಟೆಯ ಸಮೇತ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಹಲಗೆ ತರಲು ಮೂಲೆಗೆ ಹೋದರು. ನಾನು ಗಾಜಿನೊಳಗಿನ ಬಿಸಿಲಲ್ಲಿ ಮುಳುಗಿದ್ದೆ. ಬಿಸಿ ಬಟ್ಟೆ ದಾಟಿ ಬೆರಳಿಗೆ ತಾಗಿತು. ಪಾತ್ರೆಯನ್ನು ಎದೆಗೊತ್ತಿ, ಒಂದು ಕೈಯಿಂದ ನೀರು ಚಿಮುಕಿಸಿ, ಒರೆಸಿ, ನೆಲಕ್ಕಿಟ್ಟೆ.

ಟಿಕ್ ಎಂದಿತು. ಅಷ್ಟೇ ಸದ್ದು. ಒಂದು ಗೆರೆ ತಳದುದ್ದಕ್ಕೂ ಓಡಿತು, ಮರುಕ್ಷಣ ಪಾತ್ರೆ ನಾಲ್ಕು ದಿಕ್ಕಿಗೆ ಬಿಚ್ಚಿಕೊಂಡಿತು.

ಅಜ್ಜಿ ಮೊದಲು ನನ್ನನ್ನು ಎತ್ತಿ ಹೊಸಿಲಾಚೆ ನಿಲ್ಲಿಸಿದರು. ಆಮೇಲೆ ಅಮ್ಮ ಓಡಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ನಾನೇ ಇಟ್ಟದ್ದು. ಮರೆವು" ಎಂದುಬಿಟ್ಟರು. ಅಮ್ಮ ಹೆಚ್ಚು ಕೂಗಾಡಲಿಲ್ಲ. ಒಂದು ಚೂರು ಗಾಜಾದರೂ ಹೊಟ್ಟೆಗೆ ಹೋದರೆ ಕೆಲಸ ಕೆಟ್ಟಿತೆಂದು ಅಡ್ಯೆಯನ್ನು ಕೋಳಿಗೂ ಹಾಕದೆ ಹಿತ್ತಿಲಲ್ಲಿ ಹೊಂಡ ತೋಡಿ ಹೂತರು. ಬಂದು ಕೈ ತೊಳೆದು, "ಮಗು ಪಕ್ಕದಲ್ಲಿತ್ತು ಅಮ್ಮ. ಇನ್ನು ಸಾಕು" ಎಂದರು. ಅಜ್ಜಿ ಸೌಟನ್ನು ಗೂಟಕ್ಕೆ ತೂಗುಹಾಕಿ ಹೊರಗೆ ಹೋದರು.

ನನಗೆ ಅತ್ತ ದರಿ, ಇತ್ತ ಪುಲಿ. ಹೇಳದಿದ್ದರೆ ಅಜ್ಜಿಯ ಒಲೆ ಹೋಯಿತು. ಇಟ್ಟವಳು ನಾನೆಂದರೆ ಏಟು. ಅಜ್ಜಿಗೆ ಗಾಜು ಯಾಕೆ ಬೇಕಿತ್ತು ಎಂಬ ಮಾತೂ ಬರುತ್ತದೆ, ಆಣೆ ಮುರಿಯುತ್ತದೆ. ಹೀಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಏಟಿನ ಹೆದರಿಕೆ ಒಂದೇ ಇದ್ದದ್ದು. ಹೇಡಿ ನಾನು. ಎರಡು ವಾರ ಅಜ್ಜಿ ಜಗಲಿಯಲ್ಲಿ ಕೂತು ಬಾಳೆಲೆ ಒರೆಸಿದರು, ತೆಂಗಿನ ನಾರು ಬಿಡಿಸಿದರು, ನನಗೆ ಜಡೆ ಹಾಕಿದರು. ಒಲೆಯ ಕಡೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡರು.

ಒಂದು ಮಧ್ಯಾಹ್ನ ಅಮ್ಮ ತಾವೇ ಕೆಂಡದಡ್ಯೆಗೆ ಕೂತರು, ಹಳೆಯ ತಾಮ್ರದ ಪಾತ್ರೆಯಲ್ಲಿ. ನಾನು ಜಗಲಿಯಲ್ಲಿ ಅಜ್ಜಿಯ ಕಾಲ ಬಳಿ ಇದ್ದೆ. ಕಡಲ ಗಾಳಿ ನಿಂತು ಹೋಗಿ ಊರೆಲ್ಲ ತೂಕಡಿಸುತ್ತಿತ್ತು. ಮೊದಲು ಬೆಲ್ಲದ ಪರಿಮಳ ಬಂತು. ಸ್ವಲ್ಪ ಹೊತ್ತಿಗೆ ಅದು ಕಹಿಯಾಯಿತು. ಆಮೇಲೆ ಮೂಗಿಗೆ ಅಡರುವಂಥ ಕರಟು ವಾಸನೆ ಒಳಗಿನಿಂದ ಹೊರಳಿ ಹೊರಳಿ ಬಂದು ಜಗಲಿ ತುಂಬಿತು. ಒಳಗೆ ಅಮ್ಮ ಗಡಬಡಿಸಿ ಕೆಂಡ ತೆಗೆಯುವ ಸದ್ದು ಕೇಳಿಸಿತು. ಆ ಸದ್ದಿಗೆ ಅಜ್ಜಿ ತಲೆಯೆತ್ತಿದರು, ಹಿಂದೆ ಎತ್ತುತ್ತಿದ್ದ ಹಾಗೆಯೇ. ಗಾಳಿಯನ್ನು ಉದ್ದಕ್ಕೆ ಎಳೆದುಕೊಂಡು, ಮುಖವೆಲ್ಲ ಅರಳಿಸಿ ಹೇಳಿದರು, "ಆಹಾ, ನಿನ್ನ ಅಮ್ಮನ ಕೈ ಹದ ಬಂತು ಮಗಾ. ಎಷ್ಟು ಚಂದ ಪರಿಮಳ, ಅಲ್ವಾ?"

"ಹೌದು ಅಜ್ಜಿ" ಎಂದೆ.

ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಹೊಗೆಯಾಡುವ ಪಾತ್ರೆ ಬಟ್ಟೆಯೊಳಗೆ ಅವರ ಕೈಯಲ್ಲೇ ಇತ್ತು. ಅಜ್ಜಿಯ ಮುಖವನ್ನು, ನನ್ನ ಮುಖವನ್ನು, ಮತ್ತೆ ಅಜ್ಜಿಯ ಮುಖವನ್ನು ನೋಡಿದರು. ನನಗೆ ತಡೆಯಲಾಗಲಿಲ್ಲ. "ಅಮ್ಮ, ಗಾಜು ನೆಲಕ್ಕಿಟ್ಟದ್ದು ನಾನು. ಅಜ್ಜಿ ಅಲ್ಲ" ಎಂದು ಅಳುತ್ತ ಹೇಳಿಬಿಟ್ಟೆ. ಅಮ್ಮ ನನಗೆ ಹೊಡೆಯಲಿಲ್ಲ. ನನ್ನ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ.

"ಯಾವಾಗಿಂದ ಅಮ್ಮ?" ಎಂದು ಕೇಳಿದರು. ಅಮ್ಮನಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಜ್ಜಿಯ ಮುಖದ ನಗು ಹಾಗೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಯಿತು. "ಜ್ವರ ಬಂದಾಗಿನಿಂದ" ಎಂದರು. ಮತ್ತೆ, ತಪ್ಪು ಮಾಡಿದ ಮಕ್ಕಳು ಕೇಳುವ ಹಾಗೆ, "ಕರಟಿತಾ?" ಎಂದರು.

ಅಮ್ಮ ಪಾತ್ರೆಯನ್ನು ಕೆಳಗಿಟ್ಟು ಅಜ್ಜಿಯ ಎರಡೂ ಕೈ ಹಿಡಿದು ಎಬ್ಬಿಸಿದರು. "ಕರಟಿತು. ನನಗೆ ವಾಸನೆ ಬಂತು ಅಮ್ಮ, ಆದ್ರೆ ಎಷ್ಟು ಹೊತ್ತಿಗೆ ಎಂತ ಮಾಡ್ಬೇಕಂತ ಗೊತ್ತಾಗ್ಲಿಲ್ಲ. ಬನ್ನಿ ಒಳಗೆ. ನಾನು ಮೂಸಿ ಹೇಳ್ತೇನೆ, ನೀವು ಬೇಯಿಸಿ."