ಮಾವ ನಿಂತು ಆಡಿದ ಪೆಟ್ಟಿಗೆ

ಹದಿನೆಂಟು ಸಾವಿರ ರೂಪಾಯಿ ಆಯಿತು. ಬಳ್ಳಾರಿಯ ಗಾಂಧಿನಗರದಲ್ಲಿ ಹಳೆ ಸಾಮಾನು ಕೊಂಡು ಮಾರಿ ಮೇಲೆ ಬಂದವನು ನಾನು. ಒಂದು ಮರದ ಪೆಟ್ಟಿಗೆಗೆ ಅಷ್ಟು ಸುರಿದೆ ಎಂದರೆ ಕಾರಣ ಇರಲೇಬೇಕು. ಕಾರಣ, ನನ್ನ ಸೋದರಮಾವನ ಕತ್ತು. ಎದುರಿಗೆ ಕೂತವರನ್ನು ನೋಡಲು ಆತ ಕಾಗೆಯ ಹಾಗೆ ಕತ್ತು ಓರೆ ಮಾಡಿ ಕಣ್ಣಂಚಿನಿಂದ ಹುಡುಕಬೇಕಾಗಿತ್ತು. ನೋಟದ ನಡುಭಾಗ ಹೋಗಿಬಿಟ್ಟಿತ್ತು. ಅಂಚಿನದ್ದೂ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಮಾವ ಒಂದು ಕಾಲಕ್ಕೆ ಬಳ್ಳಾರಿಯಲ್ಲಿ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದವನು. ಗಿರಾಕಿ ತೆಲುಗಿನಲ್ಲಿ ಜಗಳ ತೆಗೆದರೆ ತೆಲುಗಿನಲ್ಲಿ, ಉರ್ದುವಿನಲ್ಲಿ ತೆಗೆದರೆ ಉರ್ದುವಿನಲ್ಲಿ ಉತ್ತರ. ನನಗೆ ವ್ಯಾಪಾರ ಕಲಿಸಿದ್ದೂ ಆತನೇ: "ಬೆಲಿ ಕೇಳಿ ಸುಮ್ನ ನಿಂದ್ರು. ಮೊದಲು ಬಾಯಿ ಬಿಟ್ಟಾವ ಸೋತ." ಈ ಒಂದು ಮಾತಿನ ಮೇಲೆ ನಾನು ಮನೆ ಕಟ್ಟಿದ್ದೇನೆ.

ಅಂಗಡಿ ಮುಚ್ಚಿ ಕುರುಗೋಡಿಗೆ ಹೋಗುವಾಗ ಎಲ್ಲ ಮಾರಿ ಒಂದನ್ನು ಮಾತ್ರ ಉಳಿಸಿಕೊಂಡ: ಪರದೆ ತನ್ನೊಳಗೇ ಇರುವ ಹಳೆಯ ವೆಕ್ಟರ್ ಗೇಮ್ ಯಂತ್ರ. ಅದರಲ್ಲಿ ಬಣ್ಣವಿಲ್ಲ, ಕಪ್ಪು ಗಾಜಿನ ಮೇಲೆ ಬೆಳಕಿನ ಗೆರೆಗಳಷ್ಟೇ ಓಡುತ್ತವೆ. ಒಂದು ದಿನ ಆತನ ಮನೆಯ ಅಟ್ಟದಿಂದ ಇಳಿಸಿ ಸ್ವಿಚ್ ಹಾಕಿದೆ. ಫೋನಿನಲ್ಲಿ ನನ್ನ ಮಗಳ ಫೋಟೊ ಕಾಣದ ಮಾವ ಕತ್ತು ಓರೆ ಮಾಡಿದ.

"ಲೇ ಅಳಿಯ, ಗೆರಿ ಕಾಣತಾವಲೇ" ಅಂದ.

ಆದರೆ ಕೂತು ಆಡಲು ಒಪ್ಪಲಿಲ್ಲ. "ಕುಂತು ಮಾಡೋದು ಊಟ. ಆಟ ನಿಂತು ಆಡಬೇಕು." ಅದರ ಸಣ್ಣ ಗುಂಡಿಗಳೂ ಆತನ ಬೆರಳಿಗೆ ಸಿಗುತ್ತಿರಲಿಲ್ಲ. ಇದನ್ನು ಒಳಗೆ ಕೂರಿಸಲು ಅಂಗಡಿಯಲ್ಲಿದ್ದಂಥ ನಿಲುವು ಪೆಟ್ಟಿಗೆ ಬೇಕು, ತಡವಿದರೆ ಸಿಗುವ ದಪ್ಪ ಗುಂಡಿ ಬೇಕು, ಮುಷ್ಟಿ ತುಂಬುವ ಹಿಡಿಕೆ ಬೇಕು; ಅದೂ ಕಣ್ಣು ಪೂರ್ತಿ ಹೋಗುವುದರೊಳಗೆ. ಬಳ್ಳಾರಿಯ ಬಡಗಿಗಳು ಮದುವೆ ಮಂಚಗಳು ಮುಗಿಯಲಿ ಅಂದರು. ಸಿರುಗುಪ್ಪದವನೊಬ್ಬ ಕೂಡಲೇ ಹಿಡಿಯುತ್ತೇನೆ ಅಂದ. ಕೇಳಿದಷ್ಟು ಕೊಟ್ಟೆ. ನಾನು ಚೌಕಾಸಿ ಮಾಡದೆ ಮಾಡಿಸಿದ ಕೆಲಸ ಅದೊಂದೇ.

ಸಿರುಗುಪ್ಪ ಅಂದರೆ ಅಕ್ಕಿ ಗಿರಣಿ. ಹೊಟ್ಟಿನ ಧೂಳು, ಇಲಿ. ಅಲ್ಲಿಯ ಬಡಗಿ ಏನು ಮಾಡಿದರೂ ಹಿಂಬದಿ ಬಿಗಿಯಾಗಿ ಮುಚ್ಚುತ್ತಾನೆ. ಇದನ್ನೂ ಮುಚ್ಚಿದ, ಅಂಚಿಗೆ ರಬ್ಬರ್ ಪಟ್ಟಿ ಬೇರೆ. "ಇಲಿ ಬಿಡ್ರಿ, ಇರುವಿ ಸೈತ ಹೋಗಂಗಿಲ್ಲ" ಎಂದು ತಟ್ಟಿ ತೋರಿಸಿದ. ನಾನೂ ಮೆಚ್ಚಿದೆ.

ಕುರುಗೋಡಿನ ಮನೆಯಲ್ಲಿ ಮಾವ ತೆಂಗಿನಕಾಯಿ ಒಡೆದು ಆಡಲು ನಿಂತ. ಆಟ ಅರ್ಧಕ್ಕೆ ಬಂದಾಗ ಗೆರೆಗಳು ನಡುಗಿ, ನೋಡನೋಡುತ್ತ ಕುಗ್ಗತೊಡಗಿದವು. ಮಾವ ಹಿಂಬದಿಯ ಹಲಗೆಗೆ ಅಂಗೈ ಇಟ್ಟವನೇ ಸ್ವಿಚ್ ಆರಿಸಿದ.

"ಒಳಗ ಒಲಿ ಹೂಡೀರಿ. ಇರುವಿ ಹೋಗದ ಕಡೆ ಗಾಳಿ ಹ್ಯಾಂಗ ಹೋಗಬೇಕಲೇ?"

ಆ ಪಿಕ್ಚರ್ ಟ್ಯೂಬು ಸತ್ತರೆ ಇನ್ನೊಂದು ಸಿಗುವುದಿಲ್ಲ ಎಂಬುದು ಹಳೆ ಸಾಮಾನಿನ ವ್ಯಾಪಾರಿಯಾದ ನನಗೆ ಚೆನ್ನಾಗಿ ಗೊತ್ತಿತ್ತು. ಮರುದಿನವೇ ಬಡಗಿಯನ್ನು ಕರೆಸಿ ಹಿಂಬದಿ ಕೊಯ್ಯಿಸಿದೆ. ಗಿರಣಿಯ ಜರಡಿಗೆ ಹಾಕುವ ತಂತಿ ಜಾಲರಿ ಜಡಿಸಿದೆ. ಇಲಿಗೆ ತಡೆ, ಗಾಳಿಗೆ ದಾರಿ. ಚಲೋ ಸಾಮಾನಿಗೆ ಕೋಳಿಗೂಡಿನ ಬಾಗಿಲು ಹಚ್ಚಿದಂಗಾಯಿತು ಎಂದು ಬಡಗಿ ಮುಖ ಗಂಟಿಕ್ಕಿದ. ಮತ್ತೆ ಸ್ವಿಚ್ ಹಾಕಿದಾಗ ಗಾಜು ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಗೆರೆಗಳು ಎದ್ದವು.

ಒಂದು ಬೇಸಿಗೆ, ಒಂದು ಮಳೆಗಾಲ ಆಡಿದ. ನನ್ನನ್ನು ಸೋಲಿಸಿದಾಗಲೆಲ್ಲ ಓಣಿಯವರನ್ನು ಕರೆದು ಹೇಳಿದ. ಗೆರೆಗಳೂ ಕಾಣದಾದ ಮೇಲೆ ಹಿಡಿಕೆ ಹಿಡಿದು ನಿಲ್ಲುತ್ತಿದ್ದ. ಎಡಕ್ಕೆ, ಬಲಕ್ಕೆ ಎಂದು ನಾನು ಹೇಳುತ್ತಿದ್ದೆ. ಸೋತರೆ ನನಗೇ ಬೈಗುಳ. ಹಿಂದಿನ ವರ್ಷ ತೀರಿಕೊಂಡ.

ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿದೆ. ಹಿಡಿಕೆ ಆತನ ಮೊಣಕೈ ಮಟ್ಟಕ್ಕೆ, ನನಗೆ ತಗ್ಗು. ಕೆಳಗೆ ಹಲಗೆ ಕೊಟ್ಟು ಎತ್ತರಿಸಿಕೊಳ್ಳಿ ಎನ್ನುತ್ತಾಳೆ ಹೆಂಡತಿ. ನಾನು ಬಗ್ಗಿಯೇ ಆಡುತ್ತೇನೆ.

ನೀವು ಇಂಥ ಪೆಟ್ಟಿಗೆ ಮಾಡಿಸುವುದಾದರೆ ಮರ ಯಾವುದಾದರೂ ನಡೆದೀತು. ಹಳೆ ಟ್ಯೂಬಿಗೆ ಮಾತ್ರ ನೀವು ಕೈ ಹಾಕಬೇಡಿ, ಆರಿಸಿದ ಮೇಲೂ ಕರೆಂಟು ಹೊಡೆಯುತ್ತದೆ, ತಿಳಿದವರನ್ನು ಕರೆಸಿ. ಎತ್ತರವನ್ನು ಅಂದಾಜಿನಲ್ಲಿ ಹೇಳಬೇಡಿ. ಆಡುವವರನ್ನೇ ಬಡಗಿಯ ಮುಂದೆ ನಿಲ್ಲಿಸಿ ಅಳತೆ ಕೊಡಿಸಿ. ಇವತ್ತೇ ಕರೆದುಕೊಂಡು ಹೋಗಿ.