ನಾನು ಸುರಿಸಿದ ಮಳೆ

ಮೊಬೈಲಿನಲ್ಲಿ ಮೋಡದ ಚಿತ್ರ ಕಂಡರೆ ಸಾಕು, ನನಗೆ ಸೀನು ಬರುತ್ತದೆ. ನಗಬೇಡಿ, ಇದಕ್ಕೆ ವೈಜ್ಞಾನಿಕ ಕಾರಣವಿದೆ. ನಾನು ಬಿ.ಎಸ್ಸಿ. ಓದಿದವನು; ಭೌತಶಾಸ್ತ್ರವನ್ನು ಮೂರನೇ ಯತ್ನಕ್ಕೇ ಪಾಸು ಮಾಡಿದವನು.

ಎರಡು ವರ್ಷದ ಹಿಂದೆ ಅಡರಕಟ್ಟಿಯ ನಮ್ಮ ಕಾಕಾ ಕಣದಲ್ಲಿ ಮೆಣಸಿನಕಾಯಿ ಹರವಿದ್ದರು. ಇನ್ನೆರಡು ದಿನದ ಬಿಸಿಲು ಬೇಕಿತ್ತು. ಹಸಿಯಿದ್ದಾಗಲೇ ಚೀಲಕ್ಕೆ ತುಂಬಿದರೆ ಬೂಷ್ಟು; ಹರವಿಯೇ ಬಿಟ್ಟು ಮಳೆ ಹೊಡೆದರೆ ವರ್ಷದ ಬೆಳೆಯ ಬಣ್ಣವೇ ಹೋಯಿತು. ಆಕಾಶದಲ್ಲಿ ನೋಡಿದರೆ ಮೋಡ. ನಾನು ಸುಮ್ಮನಿರಬಹುದಿತ್ತು.

"ನಡೀರಿ ಕಾಕಾ, ಗದಗಿನ ಹವಾಮಾನ ಕಚೇರ್ಯಾಗ ಕೇಳೋಣು. ಉಪಗ್ರಹದ ಮಂದಿ ನಮ್ಮವ್ರ ಅದಾರ" ಎಂದೆ. ನಮ್ಮವರು ಎಂದರೆ, ಆ ಕಚೇರಿಯ ಮುಂದೆ ಒಮ್ಮೆ ನನ್ನ ಬೈಕು ಪಂಕ್ಚರ್ ಆಗಿತ್ತು.

ಅಲ್ಲಿದ್ದ ಮೇಡಂ ಉಪಗ್ರಹ ಕಳಿಸಿದ ಚಿತ್ರವನ್ನೇ ತೋರಿಸಿದರು. "ಮಳಿ ಇಲ್ರಿ ಯಜಮಾನ್ರ, ಮೋಡ ಹಂಗ ಹಾದು ಹೋಗ್ತಾವು. ಆರಾಮ ಒಣಗಸ್ರಿ."

ಕಾಕಾನ ಮುಖ ಅರಳಿತು. ಅಲ್ಲಿಗೇ ಹೊರಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನಾನು ಅಂಗಳದ ಯಂತ್ರಗಳನ್ನು ವಿವರಿಸಲು ಹೊರಟೆ. ಒಂದು ಕಂಬದ ಮೇಲೆ ಅಗಲ ಬಾಯಿಯ ಡಬ್ಬಿ ಇತ್ತು.

"ಇದ್ಯಾಕಲೇ ಬಾಯಿ ತಕ್ಕೊಂಡು ನಿಂತೈತಿ?"

"ಹಕ್ಕಿಗೆ ನೀರಿಡೋದ್ರಿ ಕಾಕಾ. ಬಿಸಲು ಸುರುವಾತು, ಇವ್ರು ನೋಡ್ರಿ, ಖಾಲಿ ಬಿಟ್ಟಾರ!"

ನಮ್ಮ ಕಡೆ ಬಿಸಿಲುಗಾಲಕ್ಕೆ ಮಾಳಿಗೆಯ ಮೇಲೆ ಹಕ್ಕಿಗಳಿಗೆ ನೀರಿಡುವುದು ರೂಢಿ. ಬಾಟಲಿಯ ನೀರನ್ನೆಲ್ಲ ಭಕ್ತಿಯಿಂದ ಸುರಿದೆ. ಕಾಕಾ ಕೈಯನ್ನೂ ಮುಗಿದರು.

ಮೇಡಂ ಓಡಿ ಬಂದರು. "ಅಯ್ಯ, ಅದು ಮಳಿ ಅಳಿಯೋದ್ರಿ! ಬಿದ್ದಷ್ಟೂ ತಾನ ಲೆಕ್ಕ ಹಾಕಿ ಉಪಗ್ರಹಕ್ಕ ಕಳಸ್ತೈತಿ!"

"ಹೋಗ್ಲಿ ಬಿಡ್ರಿ ಮೇಡಂ, ಮ್ಯಾಲೆ ಹೋದ ನೀರು ಯಾರಿಗೆ ಕಾಣ್ತೈತಿ?" ಎಂದೆ.

ಕಂಡದ್ದು ಊರಲ್ಲಿದ್ದ ಕಾಕಾನ ಹೆಂಡತಿ, ನಮ್ಮ ಚಿಗವ್ವನಿಗೆ. ನಮ್ಮ ಬಸ್ಸು ಲಕ್ಷ್ಮೇಶ್ವರ ಮುಟ್ಟುವುದರೊಳಗೆ ಕಾಕಾನಿಗೆ ಫೋನು ಬಂತು. "ರೀ, ಗದಗಿನ್ಯಾಗ ಜೋರ ಮಳಿ ಅಂತಲ್ಲ! ಹವಾಮಾನದವ್ರ ಲೆಕ್ಕ ಊರ ಗ್ರೂಪಿನ್ಯಾಗ ಬಂದೈತಿ. ನೀವೇನ ಚಿಂತಿ ಮಾಡಬ್ಯಾಡ್ರಿ, ಓಣಿ ಮಂದೀನೆಲ್ಲಾ ಕರದು ಅಷ್ಟೂ ಚೀಲಕ್ಕ ತುಂಬಿಸೀನಿ!"

ಕಾಕಾ ಫೋನು ಇಟ್ಟವರು ಊರು ಮುಟ್ಟಿದೊಡನೆ ನನ್ನನ್ನು ನೇರ ಕಣಕ್ಕೇ ಕರೆದೊಯ್ದರು. "ಬಾರಪಾ ವಿಜ್ಞಾನಿ, ಚೀಲ ಬಿಚ್ಚು."

ಆ ಮಧ್ಯಾಹ್ನ ಅಷ್ಟೂ ಮೆಣಸಿನಕಾಯಿಯನ್ನು ಒಬ್ಬನೇ ಮತ್ತೆ ಹರವಿದೆ. ಆಕಾಶದಿಂದ ಒಂದು ಹನಿಯೂ ಬೀಳಲಿಲ್ಲ. ನನ್ನ ಕಣ್ಣು ಮೂಗಿನಿಂದ ಮಾತ್ರ ಧಾರಾಕಾರ. ಎರಡು ಬಿಸಿಲು ಕಂಡು ಕಾಯಿ ಕೆಂಪಗೆ ಉಳಿಯಿತು, ಕಾಕಾನ ಸಿಟ್ಟೂ ಅಷ್ಟೇ ಕೆಂಪಗೆ ಉಳಿಯಿತು.

ಈ ವರ್ಷವೂ ಮೆಣಸಿನಕಾಯಿ ಬಂದಿದೆ. ಇವತ್ತು ಬೆಳಿಗ್ಗೆ ಕಾಕಾ ಫೋನು ಮಾಡಿದರು. ಮೋಡದ ವಿಚಾರ ಹೇಳಲು ನಾಲಿಗೆ ತುರಿಸಿತು, ಕಚ್ಚಿಕೊಂಡೆ.

"ಎಲ್ಲಿ ಅದೀಯೋ?"

"ಮನ್ಯಾಗ ಅದೀನ್ರಿ ಕಾಕಾ."

"ಗದಗಿಗೆ ಹೊಂಟಿಲ್ಲಲ್ಲ?"

"ಇಲ್ರಿ."

"ಹಂಗಾರ ಮಳಿ ಇಲ್ಲ. ಹರವತೀನಿ."