ಇಟಲಿಯ ಗೋಡೆಯ ಮೇಲೆ ಗಂಗವ್ವನ ಅಪ್ಪ

ಮೊನ್ನೆ ಭಾನುವಾರ ಮಣಿನಗರದ ನಮ್ಮ ಸೊಸೈಟಿಯಲ್ಲಿ ಯಾರೂ ಮಧ್ಯಾಹ್ನ ನಿದ್ದೆ ಮಾಡಲಿಲ್ಲ. ಅಹಮದಾಬಾದಿನಲ್ಲಿ ಇದ್ದವರಿಗೆ ಗೊತ್ತು, ಇದು ಸಣ್ಣ ಮಾತಲ್ಲ. ಭಾನುವಾರದ ಊಟವಾದ ಮೇಲೆ ಇಲ್ಲಿ ನಾಯಿ ಕೂಡ ಬೊಗಳುವುದಿಲ್ಲ. ಅಂಥದ್ದರಲ್ಲಿ ಮೂರನೇ ಮಹಡಿಯ ಗಂಗವ್ವನ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ! ಸೋಫಾ ಮೇಲೆ, ನೆಲದ ಮೇಲೆ, ಬಾಲ್ಕನಿ ಬಾಗಿಲಲ್ಲಿ ಜನ. ಎಲ್ಲರ ಕಣ್ಣೂ ಟಿವಿಯ ಮೇಲೆ.

ಕ್ರಿಕೆಟ್ ಮ್ಯಾಚಾ? ಅಲ್ಲ ಸ್ವಾಮಿ. ಇಟಲಿಯಿಂದ ವಿಡಿಯೊ ಕಾಲ್!

ಗಂಗವ್ವ ಧಾರವಾಡ ಕಡೆಯವರು. ಮಗ ಶಿವಾನಂದ ರೈಲ್ವೆಯಲ್ಲಿದ್ದಾನೆ, ವರ್ಗವಾಗಿ ಬಂದು ಇಲ್ಲೇ ನೆಲೆ ನಿಂತ ಕುಟುಂಬ. (ನಾನೂ ವಿಮಾ ಕಂಪನಿಯ ಕೃಪೆಯಿಂದ ಹೀಗೇ ಬಂದು ಬಿದ್ದವಳು.) ಎಂಬತ್ತು ದಾಟಿದ ಗಂಗವ್ವ ತಮ್ಮ ಅಪ್ಪನ ಮುಖ ನೋಡಿಲ್ಲ. ಎರಡನೇ ಮಹಾಯುದ್ಧಕ್ಕೆಂದು ಇಟಲಿಗೆ ಹೋದ ಬಸಪ್ಪ ವಾಪಸ್ ಬರಲಿಲ್ಲ. ಆಗ ಗಂಗವ್ವ ಇನ್ನೂ ತೊಟ್ಟಿಲಲ್ಲಿದ್ದರು. ಮನೆಗೆ ಒಂದು ತಂತಿ ಬಂತು, ಅಷ್ಟೇ.

ಅಪ್ಪನನ್ನು ಯಾರಾದರೂ ಮಣ್ಣು ಮಾಡಿದರೋ, ಬಿದ್ದಲ್ಲೇ ಬಿಟ್ಟು ಹೋದರೋ? ಗಂಗವ್ವನ ಅವ್ವ ಕೊನೆಯುಸಿರಿನವರೆಗೂ ಇದನ್ನೇ ಕೇಳುತ್ತಿದ್ದರಂತೆ. ಅವ್ವ ಹೋದ ಮೇಲೆ ಆ ಸಂಕಟ ಮಗಳಿಗೆ ಬಂತು.

ಈ ವರ್ಷ ಶಿವಾನಂದ ಇಂಟರ್‌ನೆಟ್ಟೆಲ್ಲ ಜಾಲಾಡಿ ಒಂದು ಊರಿನ ಹೆಸರು ಹಿಡಿದ. ವೆನಿಸ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ದಾರಿಯಿಂದ ಸ್ವಲ್ಪ ಬದಿಗೆ ಒಂದು ಯುದ್ಧ ಸ್ಮಶಾನವಿದೆ, ಬಸಪ್ಪ ಇದ್ದರೆ ಅಲ್ಲೇ ಇರಬೇಕು. ಅದೇ ವಾರ ಎದುರು ಮನೆಯ ಹಸಮುಖಭಾಯಿ ಮತ್ತು ಕೋಕಿಲಾಬೆನ್ ಯುರೋಪ್ ಟೂರ್‌ಗೆ ಹೊರಟಿದ್ದರು! ಗುಜರಾತಿಗಳ ಗ್ರೂಪ್ ಟೂರ್ ಎಂದರೆ ನಿಮಗೆ ಗೊತ್ತಿರಬೇಕು. ಅಡುಗೆಯ ಮಹಾರಾಜ್ ಜೊತೆಗೇ ಬರುತ್ತಾನೆ, ಥೇಪ್ಲಾ ರೊಟ್ಟಿಯ ಡಬ್ಬಿಗಳು ವಿಮಾನ ಹತ್ತುತ್ತವೆ.

ಗಂಗವ್ವ ವಿಭೂತಿಯ ಪುಟ್ಟ ಪೊಟ್ಟಣವನ್ನು ಹಸಮುಖಭಾಯಿಯ ಕೈಗಿಟ್ಟರು. ಹಿಂದಿ, ಗುಜರಾತಿ, ಧಾರವಾಡದ ಕನ್ನಡ ಎಲ್ಲವನ್ನೂ ಕಲಸಿ ಹೇಳಿದ್ದು ಇಷ್ಟು: "ನಾವು ಹೂಳೋ ಮಂದಿ. ಗೋರಿ ಹುಡುಕ್ರಿ. ತಲಿ ಕಡೆ ಇದನ್ನ ಹಚ್ಚಿ ಬರ್ರಿ." ಹಸಮುಖಭಾಯಿ, "ಬಾ, ಚಿಂತೆ ಬಿಡಿ" ಎಂದರು. ಬಾ ಎಂದರೆ ಇಲ್ಲಿ ಅಮ್ಮ.

ಇಟಲಿಯಲ್ಲಿ ಟೂರ್ ಬಸ್ಸಿನ ಆ ಭಾನುವಾರದ ಪ್ರೋಗ್ರಾಂ ಏನಿತ್ತು ಗೊತ್ತೇ? ಬ್ರ್ಯಾಂಡೆಡ್ ಶಾಪಿಂಗ್! ದಾರಿ ಬದಲಿಸಿದರೆ ಅದು ಕಟ್. ಗೈಡ್ ಮುಖ ಸಿಂಡರಿಸಿದಳಂತೆ. ಹಸಮುಖಭಾಯಿ ಎದ್ದು ನಿಂತು ವಿಷಯ ಹೇಳಿದರು. ಬಸ್ಸಿನಲ್ಲಿದ್ದವರು ಅಹಮದಾಬಾದ್, ವಡೋದರಾ, ಸೂರತ್ ಕಡೆಯವರು, ಬಸಪ್ಪನನ್ನು ಬಲ್ಲವರು ಒಬ್ಬರೂ ಇಲ್ಲ. ಮೊದಲು ಕೈ ಎತ್ತಿದ್ದು ಸೂರತ್ತಿನ ಸೀರೆ ವ್ಯಾಪಾರಿ. ಆಮೇಲೆ ವಡೋದರಾದ ರಿಟೈರ್ಡ್ ಮೇಡಂ. ಆಮೇಲೆ ಇಡೀ ಬಸ್ಸು. ಗುಜರಾತಿಗಳು ಶಾಪಿಂಗ್ ಬಿಟ್ಟುಕೊಟ್ಟರು ಎಂದು ಬರೆಯುವ ಭಾಗ್ಯ ಎಷ್ಟು ಜನ ಅಂಕಣಕಾರರಿಗೆ ಸಿಕ್ಕೀತು, ಹೇಳಿ!

ಇಷ್ಟೆಲ್ಲ ಆದ ಮೇಲೆ ಬಂತು ಆ ಕಾಲ್. ಹಸಿರು ಹುಲ್ಲು, ಬಿಳಿ ಕಲ್ಲುಗಳ ಸಾಲು. ಇಡೀ ಗ್ರೂಪು ಚದುರಿ ಕಲ್ಲು ಕಲ್ಲನ್ನೂ ಓದುತ್ತಿದೆ. ಟೋಪಿ ಹಾಕಿದ ಅಜ್ಜಂದಿರು, ಸ್ನೀಕರ್ ತೊಟ್ಟ ಅಜ್ಜಿಯರು, ಎಲ್ಲರ ಬಾಯಲ್ಲೂ "ಬಸಪ್ಪ, ಬಸಪ್ಪ." ಇತ್ತ ಹಾಲ್‌ನಲ್ಲಿ ನಾವು ಉಸಿರು ಬಿಗಿಹಿಡಿದು ಕೂತಿದ್ದೇವೆ.

ಸಿಗಲಿಲ್ಲ. ಇನ್ನೊಂದು ಸುತ್ತು ಹೊಡೆದರು. ಆಗಲೂ ಇಲ್ಲ. ಹಸಮುಖಭಾಯಿಯ ದನಿ ಸಣ್ಣಗಾಯಿತು. ಗಂಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಂಗೊತ್ತಿತ್ತು. ಬಿಟ್ಟು ಹೋಗ್ಯಾರ" ಎಂದರು.

ಅಷ್ಟರಲ್ಲಿ ಕೋಕಿಲಾಬೆನ್ ದನಿ ಕೇಳಿತು. "ಅರೆ, ಈ ಕಲ್ಲುಗಳ ಮೇಲೆ ಒಂದಾದರೂ ಹಿಂದೂ ಹೆಸರಿದೆಯಾ? ಸೈನ್ಯದಲ್ಲಿ ಹಿಂದೂ ಅಂದರೆ ಅಗ್ನಿ ಕೊಟ್ಟಿರುತ್ತಾರೆ. ಸುಟ್ಟವರಿಗೆ ಗೋರಿ ಎಲ್ಲಿಂದ ಬರಬೇಕು?"

ಹೌದಲ್ಲ! ಹೂಳುವ ಮನೆತನದವರು ಗೋರಿ ಬಿಟ್ಟು ಬೇರೇನನ್ನೂ ಯೋಚಿಸಿಯೇ ಇರಲಿಲ್ಲ. ಫೋನ್ ಓಡತೊಡಗಿತು. ಹುಲ್ಲು, ಬೂಟು, ಆಕಾಶ. ಕೊನೆಗೆ ಒಂದು ಗೋಡೆ, ಅದರ ತುಂಬ ದಹನವಾದವರ ಹೆಸರುಗಳು. ಸೀರೆ ವ್ಯಾಪಾರಿ ಕಿರುಚಿದರು, "ಮಳಿ ಗಯಾ! ಸಿಕ್ಕಿದರು ಬಾ, ಸಿಕ್ಕಿದರು!"

ಬಸಪ್ಪ! ಟಿವಿಯ ತುಂಬ ಬಸಪ್ಪ!

ನಾವು ಚಪ್ಪಾಳೆಗೆ ಕೈ ಎತ್ತಿದವರು ಗಂಗವ್ವನ ಮುಖ ನೋಡಿ ಹಾಗೇ ನಿಂತೆವು. "ಸುಟ್ಟಾರಂತ?" ಎಂದು ಕೇಳಿದರು. ಹೂಳುವವರ ಮನೆಯ ಮಗಳು. ಶಿವಾನಂದ ಹೌದೆಂದು ತಲೆಯಾಡಿಸಿದ.

ಗಂಗವ್ವ ನಿಧಾನವಾಗಿ ಎದ್ದು ಟಿವಿಯ ಹತ್ತಿರ ಹೋದರು. "ಹಂಗಾದ್ರ ಯಾರೋ ಕಟಿಗಿ ಹೊಂದಿಸ್ಯಾರ. ಗುಂಡು ಹಾರೋ ಹೊತ್ತಿನ್ಯಾಗ ಹೊಂದಿಸ್ಯಾರ. ಬೆಂಕಿ ಇಡಲಿಕ್ಕೆ ಒಬ್ಬಾಂವ ಮಗನಂಗ ಮುಂದ ಬಂದಿರಬೇಕಲ್ಲ ತಂಗಿ?" ಎಂದು ನನ್ನ ಕೈ ಹಿಡಿದರು. "ನಮ್ಮಪ್ಪನ್ನ ಬಿಟ್ಟು ಹೋಗಿಲ್ಲ! ಅವ್ವಗ ಹೇಳಬೇಕಿತ್ತು ಇದನ್ನ."

ಆಮೇಲೆ ನೋಡಬೇಕಿತ್ತು ಸಂಭ್ರಮ! ಅತ್ತ ಹೆಸರಿನ ಮೇಲೆ ವಿಭೂತಿ, ಗೋಡೆಯ ಬುಡದಲ್ಲಿ ಮಹಾರಾಜ್ ಇಟ್ಟ ಥೇಪ್ಲಾ, ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ. ಇತ್ತ ಗಂಗವ್ವನ ತಕರಾರು: "ಸಿಹಿ ಉಪ್ಪಿನಕಾಯಿ ಇಟ್ಟಾರಲ್ಲ! ನಮ್ಮಪ್ಪ ಖಾರದ ಮನಷ್ಯಾ!" ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಹಾಲ್‌ನಲ್ಲಿ ಯಾರೋ ಜೈಕಾರ ಹಾಕಿದರು. ಇಟಲಿಯಿಂದ ಉತ್ತರ ಬಂತು, ಅಲ್ಲಿನ ಮಾಲಿ ಗಾಬರಿಯಾಗಿ ಕತ್ತರಿ ಕೆಳಗಿಟ್ಟ.

ಗಣರಾಜ್ಯೋತ್ಸವಕ್ಕೆ ನಾವು ಸೈನಿಕರ ಸ್ಟೇಟಸ್ ಹಾಕುತ್ತೇವೆ. ಈ ಸೈನಿಕರು ಮಾತ್ರ ಅದರಲ್ಲಿ ಬರುವುದಿಲ್ಲ. ಬ್ರಿಟಿಷರ ಪರ ಹೋರಾಡಿದವರು ಎಂದು ಬದಿಗಿಟ್ಟಿದ್ದೇವೆ. ಚರ್ಚೆ ಮಾಡೋಣ, ಬೇಡ ಎಂದವರಾರು? ಆದರೆ ಸತ್ತವನು ನಮ್ಮೂರ ಬಸಪ್ಪನೇ ತಾನೇ?

ಕಾಲ್ ಮುಗಿಯುವ ಹೊತ್ತಿಗೆ ಗಂಗವ್ವ ತಡೆದರು. "ಬಾಜೂಕಿನ ಹೆಸರು ಯಾರದು? ಅವಂಗೂ ಹಚ್ಚಂತ ಹೇಳು. ಅದರ ಕೆಳಗಿನಾಂವಗೂ. ಪಾಪ, ಅವರ ಮಕ್ಕಳಿಗೆ ಗೊತ್ತೈತೋ ಇಲ್ಲೋ." ಹಸಮುಖಭಾಯಿ ಪೊಟ್ಟಣ ಕೊಡವಿ ಕೊಡವಿ ಹಚ್ಚಿದರು. ವಿಭೂತಿ ಮುಗಿಯಿತು, ಹೆಸರುಗಳು ಮುಗಿಯಲಿಲ್ಲ.

ಸಮುದ್ರ ದಾಟಿ ಹೋಗಿ ಮರಳದ ನಿಮ್ಮ ಮನೆಯವರು ಯಾವ ದೇಶದ ಯಾವ ಗೋಡೆಯ ಮೇಲಿದ್ದಾರೆ, ಒಮ್ಮೆಯಾದರೂ ಹುಡುಕಿದ್ದೀರಾ?